ಸ್ಟೆಪ್ನಿ: ಡಿಕ್ಕಿಯೊಳಗಿನ ಈ ಹೆಸರು ಬಂದಿದ್ದೆಲ್ಲಿಂದ?

ಹೊಸ ಕಾರು ನೋಡಲು ಶೋರೂಮಿಗೆ ಹೋದವರು ಡಿಕ್ಕಿ ತೆಗೆದು, ಕೆಳಗಿನ ಹಾಸು ಎತ್ತಿ, ಒಂದು ಕ್ಷಣ ಸುಮ್ಮನಾಗುವುದು ಈಚೆಗೆ ಮಾಮೂಲಾಗಿದೆ. ಅಲ್ಲಿ ಇರಬೇಕಾದ ಐದನೇ ಚಕ್ರ ಇರುವುದಿಲ್ಲ. "ಸ್ಟೆಪ್ನಿ ಎಲ್ಲಿ?" ಎಂದು ಕೇಳಿದರೆ, "ಈ ಮಾಡೆಲ್‌ಗೆ ಬರಲ್ಲ ಸರ್, ಕಿಟ್ ಕೊಡ್ತೀವಿ" ಎಂಬ ಉತ್ತರ ಸಿಗುತ್ತದೆ. ಕಿಟ್ ಎಂದರೆ ಒಂದು ಪುಟ್ಟ ಏರ್ ಪಂಪು, ಜೊತೆಗೆ ಒಂದು ಬಾಟಲಿ ಅಂಟುದ್ರವ. ವಿದ್ಯುತ್ ಕಾರುಗಳಲ್ಲಿ ಹೀಗಾಗುವುದು ಹೆಚ್ಚು, ಪೆಟ್ರೋಲ್ ಕಾರುಗಳಲ್ಲೂ ಶುರುವಾಗಿದೆ.

ಸ್ಟೆಪ್ನಿ ಇಲ್ಲದ ಕಾರನ್ನು ನಂಬಬಹುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಸ್ಟೆಪ್ನಿ ಎಂದರೇನು, ಅದು ಯಾಕೆ ಹುಟ್ಟಿತು ಎಂದು ತಿಳಿದುಕೊಂಡರೆ ಈಗಿನ ಬದಲಾವಣೆಯೂ ಅರ್ಥವಾಗುತ್ತದೆ. ಆ ಕತೆ ಶುರುವಾಗುವುದು ನಮ್ಮ ದೇಶದಲ್ಲಲ್ಲ. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ಪ್ರಾಂತ್ಯದ ಒಂದು ಬೀದಿಯಲ್ಲಿ.

ನಮ್ಮಲ್ಲಿ ಮಾತ್ರ ಇಂಗ್ಲಿಷ್

ಕನ್ನಡದಲ್ಲಿ ಸ್ಟೆಪ್ನಿ ಎಂದರೆ ಹೆಚ್ಚುವರಿ ಚಕ್ರ. ರಿಮ್ಮು, ಅದರ ಮೇಲೆ ಟೈರು, ಒಳಗೆ ಗಾಳಿ, ಎಲ್ಲ ಸಿದ್ಧವಾಗಿರುವ ಪೂರ್ತಿ ಚಕ್ರ. ಬರೀ ಟೈರನ್ನು ಯಾರೂ ಸ್ಟೆಪ್ನಿ ಎನ್ನುವುದಿಲ್ಲ. ಲಾರಿ ಡ್ರೈವರಿಗೂ ಆಟೊ ಓಡಿಸುವವರಿಗೂ ಪಂಕ್ಚರ್ ಅಂಗಡಿಯ ಹುಡುಗನಿಗೂ ಇದು ದಿನಬಳಕೆಯ ಮಾತು. ಕೇಳಿದವರೆಲ್ಲ ಇದನ್ನು ಅಚ್ಚ ಇಂಗ್ಲಿಷ್ ಪದ ಎಂದೇ ತಿಳಿದಿದ್ದಾರೆ.

ಆದರೆ ಲಂಡನ್ನಿಗೋ ನ್ಯೂಜೆರ್ಸಿಗೋ ಹೋದ ಕನ್ನಡಿಗರು ಅಲ್ಲಿನ ಮೆಕ್ಯಾನಿಕ್ ಮುಂದೆ ಸ್ಟೆಪ್ನಿ ಎಂದರೆ ಆತ ಪಿಳಿಪಿಳಿ ನೋಡುತ್ತಾನೆ. ಬ್ರಿಟನ್ನಿನಲ್ಲಿ ಅದು ಸ್ಪೇರ್ ವೀಲ್, ಅಮೆರಿಕದಲ್ಲಿ ಸ್ಪೇರ್ ಟೈರ್. ಲಂಡನ್ನಿನವರಿಗಂತೂ ಸ್ಟೆಪ್ನಿ ಎಂದರೆ ಊರಿನ ಪೂರ್ವ ಭಾಗದ ಒಂದು ಬಡಾವಣೆ, ಅಲ್ಲಿ ಸ್ಟೆಪ್ನಿ ಗ್ರೀನ್ ಎಂಬ ಸುರಂಗ ರೈಲು ನಿಲ್ದಾಣವೂ ಇದೆ. ಹಾಗಾಗಿ ನಮ್ಮ ಸ್ಟೆಪ್ನಿ ಲಂಡನ್ನಿನ ಆ ಬಡಾವಣೆಯಿಂದ ಬಂದಿರಬೇಕು ಎಂದು ಊಹಿಸುವವರಿದ್ದಾರೆ. ಮಲತಾಯಿಗೆ ಇಂಗ್ಲಿಷಿನಲ್ಲಿ ಹೇಳುವ 'ಸ್ಟೆಪ್‌ಮದರ್'ನ 'ಸ್ಟೆಪ್'ಗೂ ಇದಕ್ಕೂ ನಂಟು ಕಟ್ಟುವವರೂ ಉಂಟು. ಎರಡೂ ತಪ್ಪು.

ಚಕ್ರವನ್ನು ಬಿಚ್ಚಲಾಗದ ಕಾಲ

ಇಂದು ಪಂಕ್ಚರ್ ಆದರೆ ಜಾಕ್ ಕೊಟ್ಟು, ನಾಲ್ಕೈದು ಬೋಲ್ಟು ಸಡಿಲಿಸಿ, ಚಕ್ರ ಬದಲಿಸುತ್ತೇವೆ. ಈ ಸೌಕರ್ಯ ಮೋಟಾರು ಕಾರಿನ ಜೊತೆಯಲ್ಲೇ ಹುಟ್ಟಿದ್ದಲ್ಲ.

ಗಾಳಿ ತುಂಬಿದ ಟೈರು ಬಳಕೆಗೆ ಬಂದದ್ದು ಸೈಕಲ್ಲಿನಿಂದ. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಅದನ್ನು ಮಾಡಿ, 1888ರಲ್ಲಿ ಪೇಟೆಂಟ್ ಪಡೆದ. ಅವನಿಗಿಂತ ನಾಲ್ಕು ದಶಕ ಮೊದಲೇ, 1845ರಲ್ಲಿ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು ಇದೇ ಯೋಚನೆಗೆ ಪೇಟೆಂಟ್ ಪಡೆದಿದ್ದ. ಆಗ ಸೈಕಲ್ಲೂ ಇರಲಿಲ್ಲ, ಕಾರೂ ಇರಲಿಲ್ಲ, ಅದು ಹಾಗೇ ಮೂಲೆಗೆ ಬಿತ್ತು. ಕಾರಿಗೆ ಗಾಳಿ ಟೈರು ಹಾಕಿ 1895ರಲ್ಲಿ ಪ್ಯಾರಿಸ್–ಬೋರ್ಡೋ ಪಂದ್ಯಕ್ಕೆ ಇಳಿದವರು ಫ್ರಾನ್ಸಿನ ಮಿಶೆಲಿನ್ ಸಹೋದರರು. ದಾರಿಯುದ್ದಕ್ಕೂ ಪಂಕ್ಚರ್ ಆದವು. ಆದರೂ ಕುಲುಕಾಟ ಕಡಿಮೆ ಎಂಬುದು ಎಲ್ಲರಿಗೂ ಮನವರಿಕೆಯಾಯಿತು.

ಸುಖ ಬಂತು, ಜೊತೆಗೆ ಹೊಸ ಕಾಟವೂ ಬಂತು. ಆಗಿನ ರಸ್ತೆಗಳಲ್ಲಿ ಓಡಾಡುತ್ತಿದ್ದುದು ಕುದುರೆಗಳು. ಲಾಳದಿಂದ ಕಳಚಿಬಿದ್ದ ಮೊಳೆಗಳು ದಾರಿ ತುಂಬ. ಟೈರಿನ ರಬ್ಬರೂ ಇಂದಿನಷ್ಟು ಗಟ್ಟಿಯಲ್ಲ. ಊರಿಂದೂರಿಗೆ ಹೋಗುವಷ್ಟರಲ್ಲಿ ಒಂದಕ್ಕಿಂತ ಹೆಚ್ಚು ಸಲ ಪಂಕ್ಚರ್ ಆದರೂ ಅಚ್ಚರಿ ಇರಲಿಲ್ಲ.

ಆಗ ಚಕ್ರವನ್ನೇ ಬಿಚ್ಚಿ ಬೇರೊಂದು ಹಾಕುವ ದಾರಿಯಿರಲಿಲ್ಲ. ಬಹುತೇಕ ಕಾರುಗಳದ್ದು ಮರದ ಅರೆಕಾಲುಗಳ (ಸ್ಪೋಕುಗಳ) ದಪ್ಪ ಚಕ್ರ. ಫಿರಂಗಿ ಗಾಡಿಗಳಿಗೆ ಹಾಕುತ್ತಿದ್ದ ಮಾದರಿಯದು. ಅದು ಅಚ್ಚಿಗೆ ಕಾಯಂ ಆಗಿ ಕೂತಿರುತ್ತಿತ್ತು. ಹಾಗಾಗಿ ಡ್ರೈವರು ದಾರಿಯಲ್ಲೇ ಮಂಡಿಯೂರಿ ಕೂತು, ಕಬ್ಬಿಣದ ಲಿವರಿನಿಂದ ಮೀಟಿ ಮೀಟಿ ಬಿಗಿಯಾದ ಟೈರಿನ ಅಂಚನ್ನು ರಿಮ್ಮಿನಿಂದ ಎಬ್ಬಿಸಬೇಕು. ಒಳಗಿನ ಟ್ಯೂಬು ಎಳೆದು, ತೂತು ಹುಡುಕಿ, ಪ್ಯಾಚ್ ಅಂಟಿಸಿ, ಮತ್ತೆ ಒಳಗೆ ತೂರಿಸಿ, ಕೈಪಂಪಿನಿಂದ ಗಾಳಿ ಹೊಡೆಯಬೇಕು. ಮಳೆಯಲ್ಲಿ, ಕತ್ತಲಲ್ಲಿ ಈ ಕೆಲಸ ಹೇಗಿರುತ್ತಿತ್ತು ಎಂಬುದನ್ನು ಸೈಕಲ್ ಪಂಕ್ಚರ್ ಹಾಕಿ ಗೊತ್ತಿದ್ದವರು ಊಹಿಸಿಕೊಳ್ಳಬಹುದು. ಆ ಕಾಲದ ಶ್ರೀಮಂತರು ಕಾರಿನ ಜೊತೆಗೆ ಅದನ್ನು ನೋಡಿಕೊಳ್ಳುವ ಆಳನ್ನೂ ಇಟ್ಟುಕೊಳ್ಳುತ್ತಿದ್ದರೆಂದರೆ ಅದಕ್ಕೆ ಬರೀ ಒಣಜಂಬ ಕಾರಣವಲ್ಲ.

ಸ್ಟೆಪ್ನಿ ಬೀದಿಯ ಡೇವಿಸ್

ವೇಲ್ಸಿನ ದಕ್ಷಿಣಕ್ಕೆ ಲ್ಲನೆಲ್ಲಿ ಎಂಬ ಊರಿದೆ. (ಹೆಸರಿನ 'ಲ್ಲ' ಕನ್ನಡ ಲಿಪಿಗೆ ದಕ್ಕುವುದಿಲ್ಲ. ನಾಲಗೆಯನ್ನು ಲ ಹೇಳುವ ಜಾಗದಲ್ಲಿಟ್ಟು ಬರೀ ಉಸಿರು ಬಿಟ್ಟರೆ ಸುಮಾರಾಗಿ ಬರುತ್ತದೆ.) ತವರ ಲೇಪಿಸಿದ ಕಬ್ಬಿಣದ ತಗಡಿಗೆ ಹೆಸರಾದ ಊರದು, ಹಾಗಾಗಿ 'ಟಿನೊಪೊಲಿಸ್' ಎಂಬ ಅಡ್ಡಹೆಸರು. ಲೋಹದ ಕೆಲಸ ಬಲ್ಲ ಕೈಗಳಿಗೆ ಅಲ್ಲಿ ಬರವಿರಲಿಲ್ಲ. ಊರಿನ ದೊಡ್ಡ ಜಮೀನ್ದಾರಿ ಮನೆತನದ ಹೆಸರು ಸ್ಟೆಪ್ನಿ. ನಡುಪೇಟೆಯ ಬೀದಿಗೂ ಅದೇ ಹೆಸರು.

ಆ ಬೀದಿಯಲ್ಲಿ ಕಬ್ಬಿಣದ ಸಾಮಾನಿನ ವ್ಯಾಪಾರ ಮಾಡುತ್ತಿದ್ದ ಥಾಮಸ್ ಮಾರಿಸ್ ಡೇವಿಸ್ 1904ರ ಸುಮಾರಿಗೆ ಈ ತಲೆನೋವಿಗೊಂದು ಉಪಾಯ ಕಂಡುಹಿಡಿದ. ಅಣ್ಣತಮ್ಮಂದಿರು ಸೇರಿ, ಥಾಮಸ್ ಮತ್ತು ವಾಲ್ಟರ್, ಅದನ್ನು ತಯಾರಿಸಿ ಮಾರತೊಡಗಿದರು. ಹೆಸರಿಡಲು ದೂರ ಹೋಗಲಿಲ್ಲ, ಬೀದಿಯ ಹೆಸರನ್ನೇ ಇಟ್ಟರು. ಅದೇ ಸ್ಟೆಪ್ನಿ ಸ್ಪೇರ್ ವೀಲ್.

ಅವರ ಉಪಾಯ ಏನು? ಚಕ್ರವನ್ನು ಬಿಚ್ಚಲಾಗದಿದ್ದರೆ ಬಿಚ್ಚುವುದೇ ಬೇಡ, ಪಕ್ಕದಲ್ಲಿ ಇನ್ನೊಂದನ್ನು ಕಟ್ಟಿಬಿಡೋಣ ಎಂಬುದು. ಅವರ ಸ್ಟೆಪ್ನಿಗೆ ಅರೆಕಾಲುಗಳಿರಲಿಲ್ಲ, ನಡುವೆ ಅಚ್ಚು ಕೂರುವ ಗುಂಬವೂ ಇರಲಿಲ್ಲ. ದೊಡ್ಡದೊಂದು ಬಳೆಯ ಹಾಗೆ ಬರೀ ಸುತ್ತಿನ ರಿಮ್ಮು, ಅದರ ಮೇಲೆ ಮೊದಲೇ ಗಾಳಿ ತುಂಬಿಟ್ಟ ಟೈರು. ಪಂಕ್ಚರ್ ಆದ ಚಕ್ರದ ಹೊರಮಗ್ಗುಲಿಗೆ ಇದನ್ನು ಒತ್ತಿ ಹಿಡಿದು, ರಿಮ್ಮಿಗೆ ರಿಮ್ಮನ್ನು ಕೊಕ್ಕೆ ಮತ್ತು ತಿರುಪಿನ ಹಿಡಿಕೆಗಳಿಂದ ಬಿಗಿಯಬೇಕು. ಗಾಳಿ ಹೋದ ಟೈರು ಅಲ್ಲೇ ಇರುತ್ತದೆ, ಕಾರಿನ ಭಾರ ಮಾತ್ರ ಪಕ್ಕದ ಸ್ಟೆಪ್ನಿಯ ಮೇಲೆ ಬೀಳುತ್ತದೆ. ಗ್ಯಾರೇಜು ಸಿಗುವವರೆಗೆ ಹಾಗೆಯೇ ನಿಧಾನವಾಗಿ ಹೋಗಬಹುದು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಮೂಲ ಸ್ಟೆಪ್ನಿ ಇಂದಿನ ಅರ್ಥದ ಐದನೇ ಚಕ್ರ ಆಗಿರಲಿಲ್ಲ. ಅದು ಯಾವ ಚಕ್ರವನ್ನೂ ಬದಲಿಸುತ್ತಿರಲಿಲ್ಲ, ಕೆಟ್ಟ ಚಕ್ರಕ್ಕೆ ಹೊರಗಿನಿಂದ ಆಸರೆ ಕೊಡುತ್ತಿತ್ತು, ಅಷ್ಟೇ. ನಾವು ಇಂದು ಯಾವುದನ್ನು ಸ್ಟೆಪ್ನಿ ಎನ್ನುತ್ತೇವೋ ಅದು ನಿಜವಾದ ಸ್ಟೆಪ್ನಿಯ ವ್ಯಾಪಾರವನ್ನು ಮುಗಿಸಿದ ವಸ್ತು.

ಮೂಲ ಮುಳುಗಿತು, ಹೆಸರು ತೇಲಿತು

ಡೇವಿಸ್ ಸಹೋದರರ ವ್ಯಾಪಾರ ಕೆಲ ವರ್ಷ ಭರ್ಜರಿಯಾಗಿಯೇ ನಡೆಯಿತು. ಲಂಡನ್ನಿನ ಟ್ಯಾಕ್ಸಿಗಳು ಸ್ಟೆಪ್ನಿ ಕಟ್ಟಿಕೊಂಡು ಓಡಿದವು. ಕಡಲಾಚೆಗೂ ಸರಕು ಹೋಯಿತು. ಬ್ರಿಟಿಷ್ ಕಾರುಗಳು ಎಲ್ಲೆಲ್ಲಿಗೆ ಹಡಗಿನಲ್ಲಿ ಹೋದವೋ ಅಲ್ಲಿಗೆಲ್ಲ ಈ ಹೆಸರೂ ಹೋಯಿತು, ಭಾರತಕ್ಕೂ ಬಂತು.

ಅಷ್ಟರಲ್ಲಿ ಬೇರೆಯವರು ಮೂಲ ತೊಂದರೆಯನ್ನೇ ಬಗೆಹರಿಸುವ ಕೆಲಸಕ್ಕೆ ಕೈಹಾಕಿದ್ದರು. ಚಕ್ರ ಬಿಚ್ಚಲು ಬರುವುದಿಲ್ಲ ಎಂಬುದು ತೊಂದರೆಯಾದರೆ, ಬಿಚ್ಚಲು ಬರುವಂತೆ ಮಾಡಿದರಾಯಿತಲ್ಲ? 1906ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲ ಮಾನ್ ಊರಿನ ಬಳಿ ಎರಡು ದಿನದ ಗ್ರ್ಯಾಂಡ್ ಪ್ರಿ ಪಂದ್ಯ ನಡೆಯಿತು. ಗೆದ್ದವನು ಹಂಗೇರಿ ಮೂಲದ ಫೆರೆನ್ಸ್ ಸಿಸ್, ಓಡಿಸಿದ್ದು ರೆನೋ ಕಾರು. ಅದರ ಗುಟ್ಟು ಮಿಶೆಲಿನ್ ಕಂಪನಿಯ ಕಳಚುವ ರಿಮ್ಮು. ಬೇರೆಯವರು ಸುಡುಬಿಸಿಲಲ್ಲಿ ಚಾಕುವಿನಿಂದ ಟೈರು ಕೊಯ್ದು ಹೊಸದನ್ನು ರಿಮ್ಮಿಗೆ ಏರಿಸಲು ಒದ್ದಾಡುತ್ತಿದ್ದರೆ, ಸಿಸ್ ಕಡೆಯವರು ಟೈರಿನ ಸಮೇತ ರಿಮ್ಮನ್ನೇ ಕಳಚಿ, ಗಾಳಿ ತುಂಬಿಟ್ಟ ಇನ್ನೊಂದನ್ನು ಕೆಲವೇ ನಿಮಿಷದಲ್ಲಿ ತಿರುಪಿ ಕಳಿಸುತ್ತಿದ್ದರು. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ರಜ್–ವಿಟ್‌ವರ್ತ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಡುವಿನ ಒಂದೇ ನಟ್ಟು ಬಿಚ್ಚಿದರೆ ಪೂರ್ತಿ ಕೈಗೆ ಬರುವ ಕಡ್ಡಿ ಚಕ್ರವನ್ನು ತಂದಿತು.

ಇಡೀ ಚಕ್ರವೇ ಬಿಚ್ಚಲು ಬಂದಮೇಲೆ ಪಕ್ಕದಲ್ಲಿ ಬಳೆ ಕಟ್ಟಿಕೊಂಡು ಹೋಗುವವರು ಯಾರು? ಕಾರುಗಳು ಕಂಪನಿಯಿಂದಲೇ ಐದನೇ ಚಕ್ರದೊಂದಿಗೆ ಬರತೊಡಗಿದವು. ಮೂಲ ಸ್ಟೆಪ್ನಿಗೆ ಕೆಲಸ ಉಳಿಯಲಿಲ್ಲ. ಬ್ರಿಟನ್ನಿನಲ್ಲಿ ವಸ್ತುವಿನ ಜೊತೆ ಹೆಸರೂ ಮರೆತುಹೋಯಿತು.

ನಮ್ಮಲ್ಲಿ ಮರೆಯಲಿಲ್ಲ. ಅದಕ್ಕೆ ಕಾರಣ ಹುಡುಕುವುದು ನನ್ನ ಮಟ್ಟಿಗೆ ಕಷ್ಟವೇನಲ್ಲ. ಇಂಗ್ಲಿಷ್ ಆಡುವವರಿಗೆ 'ಸ್ಪೇರ್' ಎಂಬ ಸಾಮಾನ್ಯ ಪದ ಮೊದಲೇ ಇತ್ತು, ಬ್ರ್ಯಾಂಡಿನ ಹೆಸರು ಹೋದರೆ ಅವರಿಗೆ ನಷ್ಟವಿಲ್ಲ. ಇಲ್ಲಿ ಕಾರಿನ ಭಾಗಗಳ ಹೆಸರು ಪುಸ್ತಕದಿಂದ ಬಂದವಲ್ಲ. ಗುರು ಹೇಳಿದ್ದನ್ನು ಕ್ಲೀನರ್ ಹುಡುಗ ಕಲಿತ, ಅವನು ಡ್ರೈವರಾಗಿ ತನ್ನ ಕ್ಲೀನರಿಗೆ ಹೇಳಿದ. ಕೆಟ್ಟಾಗ ಕೈಗೆ ಬರುವ ಗಾಲಿಗೆ ಸ್ಟೆಪ್ನಿ ಎನ್ನಬೇಕು ಎಂಬುದಷ್ಟೇ ಅವರ ಲೆಕ್ಕ. ಆ ಗಾಲಿಯ ರೂಪ ಬದಲಾದರೂ ಹೆಸರು ಬದಲಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ನೆರಳಚ್ಚು ಪ್ರತಿಗೆ ಜೆರಾಕ್ಸ್, ವನಸ್ಪತಿಗೆ ಡಾಲ್ಡಾ, ಮಣ್ಣು ಅಗೆಯುವ ಯಂತ್ರಕ್ಕೆಲ್ಲ ಜೆಸಿಬಿ ಆದದ್ದೂ ಹೀಗೆಯೇ. ವ್ಯತ್ಯಾಸವೆಂದರೆ ಅವು ಬ್ರ್ಯಾಂಡುಗಳೆಂಬುದು ನಮಗೆ ಗೊತ್ತು, ಸ್ಟೆಪ್ನಿಯದು ಮರೆತೇಹೋಗಿದೆ.

ಕಾರಿನ ಹಿಂಬದಿಗೆ ನಾವು ಹೇಳುವ 'ಡಿಕ್ಕಿ'ಯದೂ ಇಂಥದೇ ಹಾದಿ. ಹಳೆಯ ಕುದುರೆ ಸಾರೋಟುಗಳ ಹಿಂದೆ ಆಳುಗಳು ಕೂರುವ ಸೀಟಿಗೆ ಇಂಗ್ಲಿಷಿನಲ್ಲಿ ಆ ಹೆಸರಿತ್ತು. ಮುಂದೆ ಕಾರಿನ ಹಿಂದೆ ಮಡಚಿ ತೆರೆಯುವ ಸೀಟಿಗೆ ಅಂಟಿತು. ಸೀಟು ಹೋಗಿ ಸಾಮಾನಿನ ಜಾಗ ಬಂತು, ನಮ್ಮಲ್ಲಿ ಹೆಸರು ಹಾಗೇ ನಿಂತಿತು.

ಸ್ಟೆಪ್ನಿಯನ್ನು ಉಳಿಸಿಕೊಂಡವರು ನಾವಷ್ಟೇ ಅಲ್ಲ. ಬಾಂಗ್ಲಾದೇಶದಲ್ಲೂ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲೂ ಇದೇ ಪದ ಇದೆ. ಬ್ರೆಜಿಲ್‌ನ ಪೋರ್ಚುಗೀಸ್ ಮಾತಿನಲ್ಲಿ ಹೆಚ್ಚುವರಿ ಚಕ್ರಕ್ಕೆ 'ಎಸ್ಟೆಪಿ' ಎನ್ನುತ್ತಾರೆ, ಅದರ ಮೂಲವೂ ಲ್ಲನೆಲ್ಲಿಯ ಆ ಬೀದಿಯೇ.

ಚೇತಕ್ ಬೆನ್ನಿನ ಗಾಲಿ

ಈ ಪದ ಕಾರಿಲ್ಲದ ಮನೆಗಳಿಗೂ ತಲುಪಿದ್ದು ಸ್ಕೂಟರಿನಿಂದ. ಬಜಾಜ್ ಚೇತಕ್ ಕಂಡವರಿಗೆ ಅದರ ಹಿಂದೆ ಕವರು ಹೊದ್ದು ಕೂತಿರುತ್ತಿದ್ದ ಸ್ಟೆಪ್ನಿ ನೆನಪಿರಬೇಕು. ಮೋಟಾರ್ ಬೈಕಿಗಿಲ್ಲದ ಈ ಭಾಗ್ಯ ಸ್ಕೂಟರಿಗೆ ಹೇಗೆ ಬಂತು?

ಚೇತಕ್‌ನ ಮೂಲ ಇಟಲಿಯ ವೆಸ್ಪಾ. ಅದನ್ನು 1946ರಲ್ಲಿ ರೂಪಿಸಿದ ಕೊರಾದಿನೊ ದಾಸ್ಕಾನಿಯೊ ವಿಮಾನಗಳ ಎಂಜಿನಿಯರ್. ವಿಮಾನದ ಗಾಲಿ ಒಂದೇ ಮಗ್ಗುಲಿನ ಕಾಲಿಗೆ ಕೂತಿರುತ್ತದಲ್ಲ, ಆತ ಸ್ಕೂಟರಿಗೂ ಹಾಗೆಯೇ ಮಾಡಿದ. ಬೈಕಿನ ಚಕ್ರ ಎರಡು ಕವಲುಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಬಿಚ್ಚಬೇಕಾದರೆ ಅಚ್ಚನ್ನೇ ಎಳೆಯಬೇಕು. ಹಿಂದಿನದಾದರೆ ಚೈನಿನ ಗೊಡವೆ ಬೇರೆ. ವೆಸ್ಪಾ ಚಕ್ರದ ಒಂದು ಮಗ್ಗುಲು ಖಾಲಿ, ಕಾರಿನಂತೆ ನಟ್ಟು ಬಿಚ್ಚಿ ಎಳೆದರೆ ಬಂತು. ಜೊತೆಗೆ ಮುಂದೆ ಹಿಂದೆ ಎರಡಕ್ಕೂ ಒಂದೇ ಅಳತೆಯ ಪುಟ್ಟ ಗಾಲಿ, ಹಾಗಾಗಿ ಒಂದೇ ಸ್ಟೆಪ್ನಿ ಯಾವುದಕ್ಕಾದರೂ ಆಗುತ್ತಿತ್ತು. ಈಗಿನ ಗೇರಿಲ್ಲದ ಸ್ಕೂಟರುಗಳಲ್ಲಿ ಸ್ಟೆಪ್ನಿಯೂ ಇಲ್ಲ, ಅದನ್ನಿಡುವ ಜಾಗವೂ ಇಲ್ಲ. ಅಲ್ಲಿ ಅದು ಹೋದದ್ದಕ್ಕೆ ಯಾರೂ ಅಷ್ಟಾಗಿ ಗೊಣಗಲಿಲ್ಲ.

ಬಾಯಿಮಾತಿನಲ್ಲಿ ಈ ಪದ ಗಾಲಿಯನ್ನು ಬಿಟ್ಟು ಮನುಷ್ಯರಿಗೂ ಅಂಟಿದೆ. ಗೆಳೆಯರ ಗುಂಪಿನಲ್ಲಿ ಕೊನೆಗಳಿಗೆಯಲ್ಲಿ ಕರೆಸಿಕೊಂಡವನು "ನಾನೇನು ನಿಮಗೆ ಸ್ಟೆಪ್ನಿನಾ?" ಎನ್ನುವುದುಂಟು. ಹೆಂಡತಿಯಲ್ಲದ ಇನ್ನೊಬ್ಬ ಹೆಣ್ಣಿನ ಬಗ್ಗೆ ಕೀಳಾಗಿ ಆಡುವಾಗಲೂ ಬಳಸುತ್ತಾರೆ. ಆ ಬಳಕೆ ಇದೆ ಎಂದು ತಿಳಿದಿದ್ದರೆ ಸಾಕು, ಎತ್ತಿಕೊಳ್ಳಬೇಕಾದ್ದಲ್ಲ.

ಈಗ ಕಾರಿನಿಂದ ಮಾಯವಾಗುತ್ತಿರುವುದೇಕೆ?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2020ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಪ್ರಕಟಿಸಿತು. ಆ ವರ್ಷದ ಅಕ್ಟೋಬರ್‌ನಿಂದ ಅದು ಜಾರಿಗೆ ಬಂತು. ಅದರ ಪ್ರಕಾರ, ಒಟ್ಟು ತೂಕ 3.5 ಟನ್ ಮೀರದ ಪ್ರಯಾಣಿಕ ಕಾರುಗಳು ಸ್ಟೆಪ್ನಿ ಒಯ್ಯಲೇಬೇಕೆಂದಿಲ್ಲ. ಆದರೆ ಷರತ್ತುಗಳಿವೆ. ಟೈರು ಟ್ಯೂಬ್‌ಲೆಸ್ ಆಗಿರಬೇಕು, ರಿಪೇರಿ ಕಿಟ್ ಕೊಟ್ಟಿರಬೇಕು, ಟೈರಿನ ಗಾಳಿ ಕಡಿಮೆಯಾದರೆ ಡ್ರೈವರಿಗೆ ತಿಳಿಸುವ ಸಂವೇದಕ ವ್ಯವಸ್ಥೆ ಇರಬೇಕು. ಈ ವ್ಯವಸ್ಥೆಯನ್ನೇ ಶೋರೂಮಿನವರು ಟಿಪಿಎಂಎಸ್ ಎನ್ನುವುದು. ಹೀಗೆ ಬಿಟ್ಟುಕೊಟ್ಟದ್ದಕ್ಕೆ ಸರ್ಕಾರ ಹೇಳಿದ ಒಂದು ಕಾರಣ, ಉಳಿದ ಜಾಗ ವಿದ್ಯುತ್ ಕಾರಿನ ಬ್ಯಾಟರಿಯಂಥವಕ್ಕೆ ಒದಗುತ್ತದೆ ಎಂಬುದು.

ಟ್ಯೂಬ್‌ಲೆಸ್ ಎಂಬ ಷರತ್ತು ಯಾಕೆ? ಟ್ಯೂಬಿರುವ ಟೈರಿಗೆ ಮೊಳೆ ಚುಚ್ಚಿದರೆ ಒಳಗಿನ ತೆಳು ಟ್ಯೂಬು ತೂತಾಗಿ ಗಾಳಿ ಥಟ್ಟನೆ ಇಳಿಯುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಟೈರೇ ನೇರವಾಗಿ ರಿಮ್ಮಿಗೆ ಗಾಳಿಯಾಡದಂತೆ ಕಚ್ಚಿಕೊಂಡಿರುತ್ತದೆ. ಚುಚ್ಚಿದ ಮೊಳೆ ಅಲ್ಲೇ ಇದ್ದರೆ ಅದರ ಸುತ್ತಲಿನ ದಪ್ಪ ರಬ್ಬರು ಬಿಗಿಹಿಡಿದು ಗಾಳಿ ಮೆಲ್ಲಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಸಂವೇದಕ ಎಚ್ಚರಿಸಿದರೆ ಪಂಪಿನಿಂದ ಗಾಳಿ ತುಂಬಿಕೊಂಡು ಹತ್ತಿರದ ಪಂಕ್ಚರ್ ಅಂಗಡಿ ಮುಟ್ಟಬಹುದು. ಹಾಗಾಗಿ ದಾರಿಯಲ್ಲಿ ಕಂಡ ಮೊಳೆಯನ್ನು ಅವಸರಕ್ಕೆ ಕಿತ್ತುಹಾಕಬೇಡಿ.

ಬಾಟಲಿಯ ಅಂಟುದ್ರವವನ್ನು ಗಾಳಿ ತುಂಬುವ ವಾಲ್‌ನಿಂದ ಒಳಕ್ಕೆ ಬಿಟ್ಟು ಸ್ವಲ್ಪ ದೂರ ಓಡಿಸಿದರೆ, ಅದು ಒಳಗೆಲ್ಲ ಹರಡಿ ತೂತಿನ ಬಳಿ ಗಟ್ಟಿಯಾಗಿ ಮುಚ್ಚುತ್ತದೆ. ಆದರೆ ನೆಲಕ್ಕೆ ತಾಗುವ ಭಾಗದಲ್ಲಾದ ಸಣ್ಣ ತೂತಿಗೆ ಮಾತ್ರ. ಟೈರಿನ ಪಕ್ಕದ ಗೋಡೆ ಸೀಳಿದರೆ, ಗುಂಡಿಗೆ ಬಿದ್ದು ರಿಮ್ಮು ಬಾಗಿದರೆ, ಟೈರು ಒಡೆದರೆ ಕಿಟ್ಟಿನಿಂದ ಏನೂ ಆಗದು. ಆಗ ಟೋ ಮಾಡಿಸುವುದೇ ದಾರಿ. ಅಂಟು ಹಾಕಿದ ಟೈರನ್ನು ಅಂಗಡಿಯಲ್ಲಿ ಬಿಚ್ಚಿ ತೊಳೆದು ಸರಿಯಾಗಿ ರಿಪೇರಿ ಮಾಡಿಸಬೇಕು, ಬಾಟಲಿಗೆ ಅವಧಿಯ ದಿನಾಂಕವೂ ಇರುತ್ತದೆ. ಹಾಗಾಗಿ ಪಟ್ಟಣದೊಳಗೆ ಓಡಾಡುವವರಿಗೆ ಕಿಟ್ ಸಾಕಾದೀತು. ಶಿರಾಡಿ ಘಾಟಿಯನ್ನೋ ಮಲೆನಾಡಿನ ಒಳದಾರಿಗಳನ್ನೋ ರಾತ್ರಿ ಹೊತ್ತು ದಾಟುವವರು ಸ್ಟೆಪ್ನಿ ಬೇಕು ಎಂದರೆ ಅದು ಹಳೇ ಕಾಲದ ಹಟವೆಂದು ನನಗನ್ನಿಸುವುದಿಲ್ಲ. ಕೆಲವು ಮಾಡೆಲ್‌ಗಳಿಗೆ ಹೆಚ್ಚಿನ ದುಡ್ಡು ಕೊಟ್ಟರೆ ಸಿಗುತ್ತದೆ. ಇಡಲು ಜಾಗವಿದೆಯೇ, ಜಾಕು ಮತ್ತು ಸ್ಪ್ಯಾನರ್ ಕೊಡುತ್ತಾರೆಯೇ ಎಂದು ಬುಕ್ ಮಾಡುವ ಮೊದಲೇ ಕೇಳಿಕೊಳ್ಳಬೇಕು.

ನಿಮ್ಮ ಡಿಕ್ಕಿಯಲ್ಲಿರುವುದು ಯಾವುದು?

ಸ್ಟೆಪ್ನಿ ಇದೆ ಎಂದಾಕ್ಷಣ ಅದು ಉಳಿದ ನಾಲ್ಕರಂತೆಯೇ ಇದೆ ಎಂದಲ್ಲ. ಜಾಗ ಮತ್ತು ತೂಕ ಉಳಿಸಲು ಹಲವು ಕಾರುಗಳಲ್ಲಿ ತೆಳುವಾದ, ಕಿರಿದಾದ ಚಕ್ರ ಕೊಡುತ್ತಾರೆ. ಅದು ಗ್ಯಾರೇಜಿನವರೆಗಿನ ಪಯಣಕ್ಕೆ ಮಾತ್ರ. ಗಂಟೆಗೆ 80 ಕಿಲೋಮೀಟರ್ ಮೀರಬಾರದು ಎಂದು ಅದರ ಮೇಲೇ ಬರೆದಿರುತ್ತದೆ. ತೆಳುವಾದ್ದರಿಂದ ಹಿಡಿತ ಕಡಿಮೆ, ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯಬಹುದು. ಕೆಲಸದ ಮಟ್ಟಿಗೆ ನೋಡಿದರೆ, ಡೇವಿಸ್ ಸಹೋದರರ ಮೂಲ ಸ್ಟೆಪ್ನಿಗೆ ನಿಜವಾದ ವಾರಸುದಾರ ಇದೇ.

ಬಳಸದೇ ಇಟ್ಟರೂ ಸ್ಟೆಪ್ನಿಯ ಗಾಳಿ ಇಳಿಯುತ್ತದೆ. ನಾಲ್ಕು ಟೈರಿಗೆ ಗಾಳಿ ಹಾಕಿಸುವಾಗ ಐದನೆಯದನ್ನು ಹೊರತೆಗೆಯಲು ಸೋಮಾರಿತನ ಪಡುವುದು ಎಲ್ಲ ಕಡೆಯೂ ಇದ್ದದ್ದೇ, ಅದರ ಫಲ ಗೊತ್ತಾಗುವುದು ರಸ್ತೆಯ ಮಧ್ಯೆ. ರಬ್ಬರಿಗೂ ವಯಸ್ಸಾಗುತ್ತದೆ. ಪಟ್ಟೆಗಳು ಹೊಸದರಂತೆ ಕಂಡರೂ ಟೈರು ಒಣಗಿ ಬಿರುಕು ಬಿಟ್ಟಿರಬಹುದು. ವಯಸ್ಸು ತಿಳಿಯಲು ಟೈರಿನ ಪಕ್ಕದ ಗೋಡೆಯಲ್ಲಿ ಉದ್ದನೆಯ ಸಂಕೇತದ ಕೊನೆಗಿರುವ 4 ಅಂಕಿಗಳನ್ನು ನೋಡಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹಳೆಯ ಕಾರು ಕೊಳ್ಳುವಾಗಲೂ ಇದು ಉಪಯೋಗಕ್ಕೆ ಬರುತ್ತದೆ. ಸ್ಟೆಪ್ನಿಯ ಅಂಕಿಗೂ ಉಳಿದ ನಾಲ್ಕರ ಅಂಕಿಗೂ ವರ್ಷಗಳ ಅಂತರವಿದ್ದರೆ ಯಾವುದನ್ನು ಯಾವಾಗ ಬದಲಿಸಿದ್ದು ಎಂದು ಮಾರುವವರನ್ನು ಕೇಳಬಹುದು.